ಕಾರ್ಮೈಕಲ್ ಹಾಲಿನಲ್ಲಿ ಬಾಗಿಲ ಸೇವೆ

ನನ್ನ ಅಕ್ಷರ ಚೆನ್ನಾಗಿಲ್ಲ. ಎಷ್ಟು ಹುಷಾರಾಗಿ ಬರೆದರೂ ಸಾಲು ಮೇಲಕ್ಕೆ ಹತ್ತಿಬಿಡುತ್ತದೆ. ಹನ್ನೊಂದನೆಯ ತರಗತಿಯಲ್ಲಿ ಶಾಲೆ ಬಿಟ್ಟವಳಾದ್ದರಿಂದ ಮಾತುಗಳೂ ಅಷ್ಟಕ್ಕಷ್ಟೇ. ಓದುವವರು ದಯವಿಟ್ಟು ಕ್ಷಮಿಸಬೇಕು. ನಮ್ಮ ಮೌಂಟ್ ನೀಬೋ ಚರ್ಚಿನ ನೂರನೆಯ ವರ್ಷದ ಪುಸ್ತಕಕ್ಕೆ ಮಿಸ್ ಓಜೆಲ್ಲಾ ಹಾರ್ಡವೇ ಅವರ ಬಗ್ಗೆ ಯಾರಾದರೂ ಬರೆಯಬೇಕು ಎಂದು ಕೇಳಿದಾಗ, ನಾಲ್ಕು ಜನರ ಮುಂದೆ ಎದ್ದು ಮಾತಾಡಲಾರದ ನಾನು ಕೈ ಎತ್ತಿದೆ. ಅವರು ಹೇಳಿದ್ದನ್ನೂ ಕಣ್ಣಾರೆ ಕಂಡವರು ಹೇಳಿದ್ದನ್ನೂ ಸೇರಿಸಿ ಬರೆದಿದ್ದೇನೆ.

ಮಿಸ್ ಓಜೆಲ್ಲಾ ಹುಟ್ಟಿದ್ದು ಇಟ್ಟಿಗೆಗೂಡಿನ ಕೇರಿಯಲ್ಲಿ. ಅವರು ಹುಟ್ಟುವ ಹೊತ್ತಿಗೇ ಗೂಡು ಆರಿಹೋಗಿತ್ತು, ಹೆಸರು ಮಾತ್ರ ಉಳಿದಿತ್ತು. ಕೇರಿಯ ಕೆಳತುದಿಯಲ್ಲಿ ಚರ್ಚು, ಮೇಲ್ತುದಿಯಲ್ಲಿ ರೈಲು ಹಳಿ, ಹಳಿ ದಾಟಿದರೆ ವಿಶ್ವವಿದ್ಯಾಲಯ. ಅವರ ತಾಯಿ ಅಲ್ಲಿನ ಹುಡುಗಿಯರ ವಸತಿಗೃಹದಲ್ಲಿ ಅಡುಗೆ ಮಾಡುತ್ತಿದ್ದರು. ಹಿಂದಿನ ಗೇಟಿನಿಂದ ಹೋಗಿ ಹಿಂದಿನ ಗೇಟಿನಿಂದಲೇ ಬರುತ್ತಿದ್ದರು. ಬರುವಾಗ ಒಮ್ಮೊಮ್ಮೆ ಕರವಸ್ತ್ರದಲ್ಲಿ ಕಟ್ಟಿದ ಬಿಸ್ಕತ್ತುಗಳಿರುತ್ತಿದ್ದವು. ಮುಂದಿನ ಗೇಟು ಹೇಗಿದೆ ಎಂದು ಓಜೆಲ್ಲಾ ಕೇಳಿದರೆ, "ನಂಗೇನು ಗೊತ್ತೇ ಮಗು, ನಾನದನ್ನ ಒಳಗಿಂದ ನೋಡಿದೀನಿ ಅಷ್ಟೆ" ಎನ್ನುತ್ತಿದ್ದರು.

ಓಜೆಲ್ಲಾ ಅವರಿಗೆ ಹಾಡಲು ಬರುತ್ತಿರಲಿಲ್ಲ. ಹಾಡಲು ಬಾರದ ಹುಡುಗಿಗೆ ನಮ್ಮ ಚರ್ಚಿನಲ್ಲಿ ಉಳಿಯುವ ಜಾಗ ಎರಡೇ, ಒಂದು ಅಡುಗೆಮನೆ, ಇನ್ನೊಂದು ಬಾಗಿಲು. ಅವರು ಬಾಗಿಲಿಗೆ ಬಂದರು. ಬಂದವರನ್ನು ಬರಮಾಡಿಕೊಂಡು ಕೂರಿಸುವ ಈ ಬಾಗಿಲ ಸೇವೆಯ ಯಜಮಾನ ಆಗ ಬ್ರದರ್ ಲ್ಯೂಷಸ್ ಟೇಟ್. ವಾರವೆಲ್ಲ ಕ್ಷೌರದ ಅಂಗಡಿಯಲ್ಲಿ ಎಡೆಬಿಡದೆ ಮಾತಾಡುವ ಆ ಮನುಷ್ಯ ಭಾನುವಾರ ಬಿಳಿ ಕೈಗವಸು ಹಾಕಿದನೆಂದರೆ ಮೂಗನಾಗಿಬಿಡುತ್ತಿದ್ದ. ಎಡಗೈ ಬೆನ್ನ ಹಿಂದೆ, ಮುಷ್ಟಿ ಮುಚ್ಚಿ ಸೊಂಟಕ್ಕೆ ಒತ್ತಿರಬೇಕು. ಮಾತೆಲ್ಲ ಬಲಗೈಯಲ್ಲಿ. ಎಲ್ಲಿ ಜಾಗ ಖಾಲಿ ಇದೆ, ಯಾರಿಗೆ ಬೀಸಣಿಗೆ ಬೇಕು, ಯಾರು ಅತ್ತು ಅತ್ತು ಬೀಳುವ ಹಾಗಿದ್ದಾರೆ, ಎಲ್ಲವನ್ನೂ ಬೆರಳುಗಳೇ ಹೇಳಬೇಕು.

"ಬಾಯಿ ಇರೋದು ಪೆಪ್ಪರ್‌ಮಿಂಟ್ ಚೀಪಕ್ಕೆ" ಎನ್ನುತ್ತಿದ್ದ ಟೇಟ್. "ಬಾಗಿಲಲ್ಲಿ ಬಾಯಿ ಬಿಟ್ಟೋರು ನನ್ನ ಅಂಗಡೀಗ್ ಬಂದು ಕಸ ಗುಡಿಸ್ಬೇಕು."

ಅವನು ಎರಡು ವಿಷಯಗಳಲ್ಲಿ ಮಾತ್ರ ಜಗ್ಗುತ್ತಿರಲಿಲ್ಲ. ಪ್ರಾರ್ಥನೆ ನಡೆಯುವಾಗ ಯಾರೂ ಒಳಗೆ ಹೆಜ್ಜೆ ಇಡಕೂಡದು. ದೇವರೊಂದಿಗೆ ಮಾತಾಡುತ್ತಿರುವವರ ನಡುವೆ ನುಗ್ಗಿ ಹೋಗುವುದೆಂದರೇನು? ಅಂಗೈ ಎತ್ತಿ ತಡೆಯಬೇಕು, ಆಮೆನ್ ಆದ ಮೇಲೆ ಬಿಡಬೇಕು. ಒಮ್ಮೆ ಜಡಿಮಳೆಯಲ್ಲಿ ತನ್ನ ಸ್ವಂತ ಹೆಂಡತಿಯನ್ನೇ ಹಾಗೆ ತಡೆದು ನಿಲ್ಲಿಸಿದ್ದ. ಆಕೆಯ ಹೊಸ ಟೋಪಿಯ ಹೂವುಗಳೆಲ್ಲ ಬಣ್ಣ ಬಿಟ್ಟು ಕೆನ್ನೆಯ ಮೇಲೆ ಇಳಿದಿದ್ದವು. ಆ ವಾರವಿಡೀ ಟೇಟ್ ಅಂಗಡಿಯಲ್ಲೇ ತಣ್ಣನೆಯ ಬೀನ್ಸ್ ತಿಂದ. ಆದರೂ ಮುಂದಿನ ಭಾನುವಾರ ಕೈ ಅಷ್ಟೇ ನೆಟ್ಟಗಿತ್ತು.

ಇನ್ನೊಂದು, ಹೊಸಬರು ಬಂದರೆ ಅವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ ಕೂರಿಸಿಯೇ ಹಿಂದಿರುಗಬೇಕು. ಅಗೋ ಅಲ್ಲಿ ಎಂದು ಬೆರಳು ತೋರಿಸಿ ಕಳಿಸುವುದಲ್ಲ. "ಅವ್ರು ಕೂತಿದ್ದು ನಿನ್ನ ಕಣ್ಣಿಗೆ ಬೀಳೋವರ್ಗೂ ಅವ್ರು ನಿನ್ನ ಪಾಲಿನೋರು" ಎಂದು ಹೇಳಿಕೊಟ್ಟಿದ್ದ. ಓಜೆಲ್ಲಾ ಅದನ್ನು ಹಾಗೆಯೇ ಮನಸ್ಸಿನಲ್ಲಿ ಇಟ್ಟುಕೊಂಡರು.

ಅವರ ಮನೆಯಿಂದ ಮೂರನೆಯ ಮನೆ ಮಬ್ರಿಯವರದು. ಆ ಮನೆಯ ಹುಡುಗಿ ವರ್ಲೀನ್, ಓಜೆಲ್ಲಾ ಅವರ ಓರಗೆಯವಳು. ಇವರು ಎಷ್ಟು ಮೌನವೋ ಅವಳದು ಅಷ್ಟೇ ಚುರುಕು ನಾಲಿಗೆ. ಭಾನುವಾರದ ಶಾಲೆಯಲ್ಲಿ, ನೋಹನ ಹಡಗಿನಲ್ಲಿ ಸಗಣಿ ಎತ್ತುತ್ತಿದ್ದವರು ಯಾರು ಎಂದು ಕೇಳಿ ಹೊರಗೆ ಹಾಕಿಸಿಕೊಂಡಿದ್ದಳು. ಅರವತ್ತರ ದಶಕದ ಆರಂಭದ ಒಂದು ಸೆಪ್ಟೆಂಬರಿನಲ್ಲಿ, ವಿಶ್ವವಿದ್ಯಾಲಯ ಅವಳನ್ನು ಸೇರಿಸಿಕೊಳ್ಳಲೇಬೇಕು ಎಂದು ನ್ಯಾಯಾಲಯ ಹೇಳಿತು. ಅದುವರೆಗೆ ನಮ್ಮಂಥ ಕರಿಯರ ಮಕ್ಕಳು ಯಾರೂ ಅಲ್ಲಿ ಓದಿರಲಿಲ್ಲ. ಹೆಸರು ಬರೆಸಿಕೊಳ್ಳುವುದು ಅಲ್ಲಿನ ದೊಡ್ಡ ಸಭಾಂಗಣ ಕಾರ್ಮೈಕಲ್ ಹಾಲಿನಲ್ಲಿ. ಅದರ ಎತ್ತರದ ಬಾಗಿಲು, ಹಿತ್ತಾಳೆಯ ಹಿಡಿ, ಎರಡೂ ಬದಿಯ ಬಿಳಿ ಕಂಬಗಳು ಪೋಸ್ಟ್‌ಕಾರ್ಡುಗಳಲ್ಲಿ ಬರುತ್ತಿದ್ದವು.

ಅವಳು ಹೋಗಬೇಕಾದ ದಿನಕ್ಕೆ ಹಿಂದಿನ ಬುಧವಾರ ಚರ್ಚಿನಲ್ಲಿ ಸಭೆ ಸೇರಿತು. ವಕೀಲರು ಕಾರಿನಲ್ಲಿ ಕರೆದೊಯ್ಯುತ್ತಾರೆ, ಹಾಲಿನ ಮೆಟ್ಟಿಲ ತನಕ ಸರ್ಕಾರದ ಕಾವಲಿನವರು ಇರುತ್ತಾರೆ ಎಂದು ಪಾದ್ರಿಗಳು ವಿವರಿಸಿದರು. ಎಲ್ಲ ಮುಗಿಯಿತು ಎನ್ನುವಾಗ ಟೇಟ್ ಎದ್ದು ನಿಂತ.

"ಆ ಮೇಲೆ? ಹುಡ್ಗಿ ಒಬ್ಬಳೇ ಒಳಗ್ ಹೋಗಿ ಜಾಗ ಹುಡುಕ್ಕೋತಾಳಾ? ಗುರುತು ಪರಿಚಯ ಇಲ್ಲದ ಮನೆ ಅದು. ಬಾಗಿಲ ಸೇವೆಯೋರು ಒಬ್ರು ಜೊತೆಗೆ ಹೋಗ್ಲಿ."

ಒಂದಿಬ್ಬರು ನಕ್ಕರು. "ಅದೇನು ಚರ್ಚಾ ಬ್ರದರ್ ಟೇಟ್?" ಎಂದರು ಯಾರೋ.

"ಚರ್ಚಲ್ಲದಿದ್ರೆ ಇನ್ನೂ ಜಾಸ್ತಿ ಬೇಕು" ಎಂದ ಟೇಟ್.

ಗಂಡಸರು ಹೋದರೆ ಹೊಡೆದೇ ಹಾಕುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಎಲ್ಲರ ಕಣ್ಣೂ ಬಾಗಿಲ ಕಡೆ ತಿರುಗಿತು. ಹತ್ತೊಂಬತ್ತರ ಓಜೆಲ್ಲಾ ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದರು. ತಾಯಿ ಬೇಡ ಎನ್ನುವಂತೆ ತಲೆ ಆಡಿಸಿದರು. ಓಜೆಲ್ಲಾ ಬಲಗೈಯನ್ನು ಎದೆಯ ಮೇಲೆ ಇಟ್ಟರು. ಬಾಗಿಲ ಸೇವೆಯ ಭಾಷೆಯಲ್ಲಿ ಅದಕ್ಕೆ "ನನಗೆ ಬಿಡಿ" ಎಂದು ಅರ್ಥ.

ಆ ದಿನ ಅವರು ಗಂಜಿ ಹಾಕಿದ ಬಿಳಿ ಉಡುಪು, ಬಿಳಿ ಬೂಟು, ಬಿಳಿ ಕೈಗವಸು ಹಾಕಿಕೊಂಡು ಹೋದರು. ಮೆಟ್ಟಿಲ ಎರಡೂ ಕಡೆ ಹುಡುಗರು ಕಿಕ್ಕಿರಿದಿದ್ದರು. ಅವರು ಕೂಗಿದ ಮಾತುಗಳನ್ನು ಮಿಸ್ ಓಜೆಲ್ಲಾ ಇಂದಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಕೆಲವರ ಅಂಗಿ ಚೆನ್ನಾಗಿ ಇಸ್ತ್ರಿ ಆಗಿತ್ತು, ಅದನ್ನು ಮಾಡಿದವರು ನಮ್ಮ ಕೇರಿಯ ಹೆಂಗಸರೇ, ಎಂದಷ್ಟೇ ಹೇಳುತ್ತಾರೆ. ವರ್ಲೀನಳ ಮೊಣಕೈ ಹಿಡಿದುಕೊಂಡು, ಸಾಲುಬೆಂಚುಗಳ ನಡುವೆ ನಡೆಸುವ ಹಾಗೆಯೇ, ಅವಸರ ಮಾಡದೆ ಮೇಲೆ ಹತ್ತಿಸಿದರು.

"ನನ್ನ ಕಾಲು ನಡುಗ್ತಿದ್ಯೇನೇ?" ಎಂದಳು ವರ್ಲೀನ್, ತುಟಿ ಅಲುಗಿಸದೆ.

ಓಜೆಲ್ಲಾ ಅವಳ ಮೊಣಕೈಯನ್ನು ಒಮ್ಮೆ ಒತ್ತಿದರು.

"ನಿನ್ನದೂ ನಡುಗ್ತಿದೆ. ಸರಿ, ಹಾಗಾದ್ರೆ ಇಬ್ರೂ ಬೀಳಲ್ಲ" ಎಂದಳು ವರ್ಲೀನ್.

ಬಾಗಿಲಲ್ಲಿ ಒಬ್ಬ ಅಧಿಕಾರಿ ನಿಂತಿದ್ದ. "ಪಟ್ಟೀಲಿ ಹೆಸರಿರೋಳು ಮಾತ್ರ ಒಳಗೆ" ಎಂದು ಓಜೆಲ್ಲಾ ಅವರ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿದ. "ನೀನ್ಯಾರು? ಅಡುಗೆಮನೆಯೋಳಾ? ಅಡುಗೆಮನೆಯೋರು ಹಿಂದಿನಿಂದ."

"ನಾನು ಇವಳನ್ನ ಕೂರಿಸ್ಬೇಕು ಸಾರ್" ಎಂದರು ಓಜೆಲ್ಲಾ. ಕೈಗವಸು ಹಾಕಿಕೊಂಡು ಅವರು ಬಾಯಿ ಬಿಟ್ಟಿದ್ದು ಅದೊಂದೇ ಸಲ.

ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಹೊತ್ತೂ ಅದಲ್ಲ. ತೋಳನ್ನು ಅಡ್ಡ ಚಾಚಿದ. ವರ್ಲೀನ್ ಹಿಂದಿರುಗಿ ನೋಡಿ, "ಹೋಗು ಓಜೆಲ್ಲಾ. ಕೂರೋದು ನಂಗೆ ಬರುತ್ತೆ" ಎಂದಳು. ಬಾಗಿಲು ಮುಚ್ಚಿತು.

ಪೊಲೀಸರು ಮನೆಗೆ ಹೋಗು ಎಂದರು. ಓಜೆಲ್ಲಾ ರಸ್ತೆ ದಾಟಿ ಎದುರಿನ ಓಕ್ ಮರದ ಕೆಳಗೆ ನಿಂತರು. ಎಡಗೈ ಬೆನ್ನ ಹಿಂದೆ, ಮುಖ ಬಾಗಿಲ ಕಡೆ. ಯಾರೋ ಎಸೆದ ಸೋಡಾ ಬಾಟಲಿ ಮರಕ್ಕೆ ತಾಗಿ ಒಡೆಯಿತು. ಬಿಳಿ ಬೂಟಿನ ಮೇಲೆ ಕಿತ್ತಳೆ ಬಣ್ಣದ ಹನಿಗಳು ಬಿದ್ದವು. ಅವರು ಅಲ್ಲಾಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ವರ್ಲೀನಳನ್ನು ಪಕ್ಕದ ಬಾಗಿಲಿನಿಂದ ಹೊರತಂದು ಕಾರಿಗೆ ಹತ್ತಿಸಿದರು. ಅವಳು ಮರದ ಕಡೆ ನೋಡಲಿಲ್ಲ.

ಸಂಜೆ ಕ್ಷೌರದ ಅಂಗಡಿಯಲ್ಲಿ ಟೇಟ್ ಕೇಳಿದ್ದು ಒಂದೇ ಮಾತು. "ಕೂರಿಸಿದ್ಯಾ?"

"ಇಲ್ಲ ಬ್ರದರ್ ಟೇಟ್."

ಅವನು ಕತ್ತರಿಯನ್ನು ಕೆಳಗಿಟ್ಟ. ಗಿರಾಕಿಯ ಅರ್ಧ ತಲೆ ಹಾಗೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕತ್ತರಿ ಎತ್ತಿಕೊಂಡ. ಆಮೇಲೆ ಸಾಯುವ ತನಕ ಆ ವಿಷಯ ಎತ್ತಲಿಲ್ಲ.

ವಾರ ಕಳೆಯುವುದರೊಳಗೆ ಓಜೆಲ್ಲಾ ಅವರ ತಾಯಿಗೆ ವಸತಿಗೃಹದವರು ಇನ್ನು ಬರಬೇಡ ಎಂದರು. ಓಜೆಲ್ಲಾ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದರು. ಹಬೆಯಲ್ಲಿ ಬೆವರುತ್ತ ಹಾಸಿಗೆಯ ಹೊದಿಕೆಗಳನ್ನು ಇಸ್ತ್ರಿ ಯಂತ್ರಕ್ಕೆ ಕೊಡುವುದು, ಆಚೆ ಕಡೆಯಿಂದ ಹಿಡಿದು ಮಡಚುವುದು. ನಿವೃತ್ತಿಯಾಗುವ ತನಕ ಅದೇ ಕೆಲಸ. ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ ಕ್ಲೀಯಾನ್ ಹಾರ್ಡವೇ ಅವರನ್ನು ಮದುವೆಯಾದರು. ಒಬ್ಬ ಮಗ, ಒಬ್ಬಳು ಮಗಳು. ಕ್ಲೀಯಾನ್ ಒಳ್ಳೆಯ ಮನುಷ್ಯ, ಆದರೆ ಚರ್ಚಿಗೆ ಸದಾ ತಡ. ಹೆಂಡತಿಯ ಅಂಗೈಯನ್ನು ತನ್ನಷ್ಟು ಹತ್ತಿರದಿಂದ ನೋಡಿದವರು ಯಾರೂ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ನಗುತ್ತಿದ್ದರು. ಅವರು ತೀರಿಕೊಂಡ ಭಾನುವಾರದ ನಂತರದ ಭಾನುವಾರವೂ ಮಿಸ್ ಓಜೆಲ್ಲಾ ಬಾಗಿಲಲ್ಲೇ ಇದ್ದರು.

ವರ್ಲೀನ್ ಓದು ಮುಗಿಸಿ ಡೆಟ್ರಾಯಿಟ್‌ಗೆ ಹೋದಳು, ವೈದ್ಯೆಯಾದಳು. ಅವಳ ಅಮ್ಮನೂ ಅಲ್ಲಿಗೇ ಹೋದ ಮೇಲೆ ಇತ್ತ ಬರಲು ಕಾರಣ ಉಳಿಯಲಿಲ್ಲ. ಕ್ರಿಸ್‌ಮಸ್‌ಗೆ ಕಾರ್ಡು ಬರುತ್ತಿತ್ತು, ಇಲ್ಲಿಂದಲೂ ಹೋಗುತ್ತಿತ್ತು. ಮಕ್ಕಳು, ಮೊಮ್ಮಕ್ಕಳು, ಸಕ್ಕರೆ ಕಾಯಿಲೆ. ಅವತ್ತು ಒಳಗೆ ಏನಾಯಿತು ಎಂದು ಓಜೆಲ್ಲಾ ಕೇಳಲಿಲ್ಲ. ಕಾರ್ಡಿನಲ್ಲಿ ಕೇಳುವ ಮಾತಲ್ಲ ಅದು. ಅದೂ ಅಲ್ಲದೆ, ಉತ್ತರ ಏನು ಬರುತ್ತದೋ ಎಂಬ ಹೆದರಿಕೆಯೂ ಇತ್ತು. ಆದರೆ ಹೊದಿಕೆ ಮಡಚುವಾಗ, ಬೀನ್ಸ್ ಬಿಡಿಸುವಾಗ, ಸುಮ್ಮನೆ ಕೂತಾಗ ಅದೊಂದು ಪ್ರಶ್ನೆ ಬಂದು ಪಕ್ಕದಲ್ಲಿ ಕೂರುತ್ತಿತ್ತು: ಅವಳಿಗೆ ಯಾರಾದರೂ ಜಾಗ ತೋರಿಸಿದರೋ ಇಲ್ಲವೋ?

ಕಾಲ ಕಳೆದಂತೆ ಕಾರ್ಮೈಕಲ್ ಹಾಲಿಗೆ ಬೇರೆಯದೇ ಖ್ಯಾತಿ ಬಂತು. ಊರಿಗೆ ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಗಳು, ಕರಿಯರು ಬಿಳಿಯರು ಎನ್ನದೆ, ಆ ಹಿತ್ತಾಳೆಯ ಹಿಡಿಯನ್ನು ಉಜ್ಜಿ ಹೋಗುತ್ತಾರೆ. ವರ್ಲೀನ್ ಮಬ್ರಿ ಹಿಡಿದ ಹಿಡಿ, ಉಜ್ಜಿದರೆ ಕಷ್ಟದ ಪ್ರಶ್ನೆ ಬರುವುದಿಲ್ಲ ಎಂದು ನಂಬಿಕೆ. ಅದಕ್ಕೇ ಅದು ಚಿನ್ನದ ಹಾಗೆ ಹೊಳೆಯುತ್ತದೆ. ಮಿಸ್ ಓಜೆಲ್ಲಾ ಮಾತ್ರ ಒಳಗೆ ಹೋಗಲಿಲ್ಲ. ಈಗ ತಡೆಯುವವರು ಯಾರೂ ಇರಲಿಲ್ಲ. ಮಗಳು ಅಲ್ಲೇ ಓದಿದಳು, ಬಾರಮ್ಮ ಎಂದು ಕರೆದಳು. "ಕೂರಿಸ್ಬೇಕಾದೋಳು ಬರ್ಲಿ, ಆಮೇಲ್ ನೋಡೋಣ. ನಾನೊಬ್ಬಳೇ ಹೋಗಿ ಕಂಬ ಎಣಿಸ್ಲಾ?" ಎಂದುಬಿಟ್ಟರು.

ಕಳೆದ ವರ್ಷ ಆ ಸುದ್ದಿ ಬಂತು. ಹಾಲಿನ ಬಾಗಿಲ ಪಕ್ಕ ಕಂಚಿನ ಫಲಕ ಹಾಕುತ್ತಾರೆ, ಡಾಕ್ಟರ್ ವರ್ಲೀನ್ ಮಬ್ರಿ ಅವರೇ ಬರುತ್ತಾರೆ. ನಮ್ಮ ರೆವರೆಂಡ್ ಗ್ಯಾಡ್ಸನ್ ಪ್ರಾರ್ಥನೆ ಮಾಡಬೇಕು, ನಮ್ಮ ಹಾಡುಗಾರರು ಹಾಡಬೇಕು, ನಮ್ಮ ಬಾಗಿಲ ಸೇವೆಯವರು ಜನರನ್ನು ಕೂರಿಸಬೇಕು.

ಈಗ ಬಾಗಿಲ ಸೇವೆಯ ಮುಖ್ಯಸ್ಥೆ ಸಿಸ್ಟರ್ ಲಟ್ರಿಸ್. ಅಂಚೆ ಕಚೇರಿಯಲ್ಲಿ ಕೆಲಸ, ಮನಸ್ಸು ಒಳ್ಳೆಯದು, ಮಾತು ನೇರ. ಚರ್ಚಿನ ಅಡುಗೆಮನೆಯಲ್ಲಿ ಕೇಕು ಕತ್ತರಿಸುತ್ತ ಅವರು ಹೇಳಿದರು:

"ಮಿಸ್ ಓಜೆಲ್ಲಾ, ಈ ಸಲ ನೀವು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ಎದೆ ಮೇಲೆ ಹೂವಿನ ಗುಚ್ಛ ಸಿಗಿಸ್ತೀವಿ. ರಾಣಿ ಥರ ಇರಬಹುದು."

"ಹೂವು ಸಿಗಿಸೋದು ಸತ್ತೋರಿಗೆ."

"ಈಸ್ಟರ್ ದಿನ ಕಾಣಿಕೆ ತಟ್ಟೆ ಹಿಡ್ಕೊಂಡೇ ಬಿದ್ರಲ್ಲ, ಮರ್ತೋಯ್ತಾ? ಡೀಕನ್ ಸಾಹೇಬ್ರ ತೊಡೆ ಮೇಲೆ ಕೂತ್ಬಿಟ್ರಿ."

"ತಟ್ಟೆ ಬಿಡ್ಲಿಲ್ಲ ತಾನೆ?"

"ತಟ್ಟೆ ಬಿಡ್ಲಿಲ್ಲ. ಆದ್ರೆ ಅವರ ಹೆಂಡ್ತಿ ಇನ್ನೂ ನಿಮ್ಮ ಮುಖ ನೋಡಲ್ಲ."

ಅಡುಗೆಮನೆಯಲ್ಲಿದ್ದವರೆಲ್ಲ ನಕ್ಕರು. ಮಿಸ್ ಓಜೆಲ್ಲಾ ನಗಲಿಲ್ಲ. ಚಾಕುವಿಗೆ ಅಂಟಿದ್ದ ಕೇಕಿನ ಪುಡಿಯನ್ನು ಬೆರಳಲ್ಲಿ ತೆಗೆದು ತಟ್ಟೆಗೆ ಹಾಕಿದರು. "ಲಟ್ರಿಸ್ ಮಗು, ನಂಗೆ ಆ ಒಂದು ಬಾಗಿಲು ಕೊಡು. ಆ ಒಬ್ಬಳನ್ನ ಕೂರಿಸ್ತೀನಿ. ಆಮೇಲೆ ಕೈಗವಸು ಬಿಚ್ಚಿ ನಿನ್ನ ಕೈಯಲ್ಲೇ ಇಡ್ತೀನಿ. ನೀನು ಕೂರು ಅಂದ್ರೆ ಕೂರ್ತೀನಿ" ಎಂದರು.

ಲಟ್ರಿಸ್ ಸರಿ ಎಂದು ತಲೆಯಾಡಿಸಿದರು. ಆ ಒಬ್ಬಳ ವಿಷಯ ಚರ್ಚಿನಲ್ಲಿ ಗೊತ್ತಿಲ್ಲದವರಿಲ್ಲ.

ಆದರೆ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ವಿಶ್ವವಿದ್ಯಾಲಯದ ಮಿಸ್ಟರ್ ಕ್ಯಾಲವೇ ಬೇರೆಯೇ ಲೆಕ್ಕ ಹಾಕಿದ್ದರು. ಡಾಕ್ಟರ್ ಮಬ್ರಿ ಅವರಿಗೆ ಎಂಬತ್ತು ದಾಟಿದೆ, ನಡೆಯಲು ಕಷ್ಟ, ಆದ್ದರಿಂದ ಪಕ್ಕದ ಇಳಿಜಾರಿನ ಬಾಗಿಲಿನಿಂದ ಗಾಲಿಕುರ್ಚಿಯಲ್ಲಿ ನೇರವಾಗಿ ವೇದಿಕೆಗೆ ಕರೆತರುತ್ತೇವೆ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಆಕೆ ಬೀಳಬಾರದು ಎಂಬ ಕಾಳಜಿ ಅಷ್ಟೆ. ಮುಂದಿನ ಬಾಗಿಲಲ್ಲಿ ಊರಿನ ಜನ ಬರುತ್ತಾರೆ, ಅಲ್ಲಿ ನಿಮ್ಮ ಹಿರಿಯರು ಖಂಡಿತ ನಿಲ್ಲಬಹುದು ಎಂದು ಸೇರಿಸಿದರು. ಹೀಗೆ ಮಿಸ್ ಓಜೆಲ್ಲಾ ಕೇಳಿದ ಬಾಗಿಲು ಸಿಕ್ಕಿತು, ಕೂರಿಸಬೇಕಾದವಳು ಅದರಲ್ಲಿ ಬರುವುದಿಲ್ಲ ಎಂದಾಯಿತು. ಸುದ್ದಿ ಕೇಳಿ ಅವರು "ಹೂಂ" ಎಂದರು. ಆದರೂ ಮನೆಗೆ ಹೋಗಿ ಕೈಗವಸನ್ನು ಒಗೆಯಲು ನೆನೆಹಾಕಿದರು.

ಆ ದಿನ ಅವರು ಕಾರ್ಮೈಕಲ್ ಹಾಲಿನ ಒಳಗೆ ಮೊದಲ ಸಲ ಕಾಲಿಟ್ಟರು. ಹೊಸಿಲಲ್ಲಿ ನಿಂತು ಒಮ್ಮೆ ಸುತ್ತ ನೋಡಿದರು. ಎತ್ತರದ ಕಿಟಕಿಗಳು, ಸಾಲು ಸಾಲು ಕುರ್ಚಿಗಳು, ನಡುವೆ ಕೆಂಪು ಹಾಸು. "ಮಾಮೂಲಿ ರೂಮು" ಎಂದು ಪಕ್ಕದಲ್ಲಿದ್ದ ಲಟ್ರಿಸ್‌ಗೆ ಪಿಸುಗುಟ್ಟಿ, ಆಮೇಲೆ ಕೈಗವಸು ತೊಟ್ಟು, ಬಾಗಿಲ ಬದಿಯ ತಮ್ಮ ಜಾಗದಲ್ಲಿ ನಿಂತು, ಎಡಗೈಯನ್ನು ಬೆನ್ನ ಹಿಂದೆ ಇಟ್ಟರು. ಆಮೇಲೆ ಮಾತಿಲ್ಲ. ಸಭಾಂಗಣ ತುಂಬಿತು. ವೇದಿಕೆಯ ಮೇಲಿನ ನಡುಕುರ್ಚಿ ಇನ್ನೂ ಖಾಲಿ ಇತ್ತು. ಕ್ಯಾಲವೇ ಕಿವಿಯ ತಂತಿಯಲ್ಲಿ ಯಾರೊಂದಿಗೋ ಮಾತಾಡುತ್ತ ಪಕ್ಕದ ಬಾಗಿಲ ಕಡೆ ಓಡಿದರು. ಹೊತ್ತು ಮೀರಿತು. ಶುರು ಮಾಡಿ ಎಂದು ಯಾರೋ ಸನ್ನೆ ಮಾಡಿದರು. ರೆವರೆಂಡ್ ಗ್ಯಾಡ್ಸನ್ ಎದ್ದು ನಿಂತು, "ತಲೆ ಬಾಗಿಸೋಣ" ಎಂದರು.

ರೆವರೆಂಡ್ ಗ್ಯಾಡ್ಸನ್ ಪ್ರಾರ್ಥನೆ ಎಂದರೆ ನಮ್ಮವರು ಒಲೆ ಆರಿಸಿ ಬರುತ್ತಾರೆ. ಈ ಲೋಕದ ಅಡಿಪಾಯದಿಂದ ಹಿಡಿದು ಸುಣ್ಣ ಬಳಿದವನ ತನಕ ಯಾರನ್ನೂ ಬಿಡುವುದಿಲ್ಲ. ಎಲ್ಲರೂ ಕಣ್ಣು ಮುಚ್ಚಿದರು. ಬಾಗಿಲ ಸೇವೆಯವರು ಮಾತ್ರ ಕಣ್ಣು ತೆರೆದೇ ಪ್ರಾರ್ಥಿಸುತ್ತಾರೆ.

ಏರಿದ ಬಿಸಿಲಿನ ಹಿನ್ನೆಲೆಯಲ್ಲಿ ಬಾಗಿಲು ಮೆಲ್ಲನೆ ತೆರೆದುಕೊಂಡಿತು. ಯಾರು ಎಂದು ನೋಡುವ ಮುಂಚೆಯೇ ಮಿಸ್ ಓಜೆಲ್ಲಾ ಅವರ ಬಲಗೈ ಮೇಲೆದ್ದಿತು. ಅಂಗೈ ಮುಂದೆ, ಬೆರಳುಗಳು ಜೊತೆಯಾಗಿ, ತೋಳು ನೆಟ್ಟಗೆ. ಆಮೇಲೆ ಕಣ್ಣು ಬೆಳಕಿಗೆ ಹೊಂದಿಕೊಂಡಿತು.

ಕೋಲು ಊರಿಕೊಂಡು ನಿಂತಿದ್ದವಳು ವರ್ಲೀನ್.

ಹಸಿರು ಟೋಪಿ, ಸಣ್ಣಗಾದ ಮುಖ, ಅದೇ ಹುಬ್ಬು. ಹಿಂದೆ ಖಾಲಿ ಗಾಲಿಕುರ್ಚಿ ಹಿಡಿದು ಒಬ್ಬ ವಿದ್ಯಾರ್ಥಿನಿ ಏದುಸಿರು ಬಿಡುತ್ತಿದ್ದಳು. ಏನಾಗಿತ್ತೆಂದರೆ, ಇಳಿಜಾರಿನ ಬಾಗಿಲಿಗೆ ಕರೆದೊಯ್ದಾಗ ವರ್ಲೀನ್ "ಪಕ್ಕದ ಬಾಗಿಲಿಂದ ಹೊರಗೆ ಹೋಗಿದೀನಿ, ಒಳಗೆ ಹೋಗಲ್ಲ" ಎಂದು ಕುರ್ಚಿಯಿಂದ ಇಳಿದಿದ್ದಳು. ಕಟ್ಟಡ ಸುತ್ತಿ, ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಬಂದಿದ್ದಳು.

ಅದೇ ಬಾಗಿಲು. ಅದೇ ಹೆಣ್ಣು. ಈ ಸಲ ಅಡ್ಡ ನಿಂತದ್ದು ತಮ್ಮದೇ ಕೈ. ಇಳಿಸಿಬಿಡಲೇ ಎಂದು ಮಿಸ್ ಓಜೆಲ್ಲಾ ಅವರಿಗೆ ಒಂದು ಕ್ಷಣ ಅನಿಸಿತು. ಒಳಗಡೆ ರೆವರೆಂಡರು ದೇವರ ಹತ್ತಿರ ಮಾತಾಡುತ್ತಿದ್ದರು. ಎದುರಿಗೆ ಇವಳು. ತಲೆಯೊಳಗೆ ಟೇಟ್. ಕೈ ಇಳಿಯಲಿಲ್ಲ.

ಕ್ಯಾಲವೇ ತುದಿಗಾಲಲ್ಲಿ ಓಡಿಬಂದರು. ಮುಖ ಬಿಳುಚಿಕೊಂಡಿತ್ತು. "ಮೇಡಂ, ಅವರೇ ಡಾಕ್ಟರ್ ಮಬ್ರಿ! ಬಿಡಿ ಮೇಡಂ. ಫೋಟೋದವರು ಇದಾರೆ. ಈ ಬಾಗಿಲಲ್ಲಿ ಅವರನ್ನ... ಇದು ಚೆನ್ನಾಗ್ ಕಾಣಲ್ಲ" ಎಂದು ಪಿಸುಗುಟ್ಟಿದರು. ಆಚೆ ಬದಿಯಿಂದ ಲಟ್ರಿಸ್ ಬಿಡಿ, ಬಿಡಿ ಎಂದು ಬೆರಳಾಡಿಸಿದರು. ಹಿಂದಿನ ಸಾಲಿನ ಕೆಲವರು ಒಂದು ಕಣ್ಣು ತೆರೆದರು. ಕ್ಯಾಮರಾ ಒಂದು ಟಕ್ ಟಕ್ ಎನ್ನತೊಡಗಿತು.

ಮಿಸ್ ಓಜೆಲ್ಲಾ ಕ್ಯಾಲವೇ ಅವರ ಕಡೆ ತಿರುಗಿ, ಎಡಗೈಯನ್ನು ಬೆನ್ನಿಂದ ತೆಗೆದು, ಒಂದು ಬೆರಳನ್ನು ತುಟಿಯ ಮೇಲೆ ಇಟ್ಟರು.

ವರ್ಲೀನ್ ಮೊದಲು ಆ ಬಿಳಿ ಕೈಯನ್ನು ನೋಡಿದಳು, ಆಮೇಲೆ ಅದರ ಹಿಂದಿನ ಮುಖವನ್ನು. ಹುಬ್ಬು ಮೇಲೇರಿತು. ಅವಳೂ ಮೌಂಟ್ ನೀಬೋದಲ್ಲೇ ಬೆಳೆದವಳಲ್ಲವೇ! ಕೋಲಿನ ಮೇಲೆ ಎರಡೂ ಕೈ ಇಟ್ಟು, ಹೊಸಿಲ ಆಚೆಯೇ ನಿಂತು, ಹಸಿರು ಟೋಪಿಯ ತಲೆಯನ್ನು ಬಾಗಿಸಿದಳು. ಭುಜಗಳು ಮಾತ್ರ ನಗುವಿಗೆ ಕುಲುಕುತ್ತಿದ್ದವು. ಅದನ್ನು ಕಂಡು ಕ್ಯಾಲವೇ ಕಿವಿಯ ತಂತಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು ಅವರೂ ತಲೆ ಬಾಗಿಸಿದರು. ಗಾಲಿಕುರ್ಚಿಯ ಹುಡುಗಿಯೂ ಬಾಗಿಸಿದಳು.

ರೆವರೆಂಡರು ರೋಗಿಗಳಿಗಾಗಿ ಬೇಡಿಕೊಂಡರು, ಪ್ರಯಾಣದಲ್ಲಿರುವವರಿಗಾಗಿ ಬೇಡಿಕೊಂಡರು.

"ಈವಯ್ಯ ಇನ್ನೂ ಪ್ರಾರ್ಥನೇಲಿ ಎಲ್ಲಿದಾನೆ?" ಎಂದಳು ವರ್ಲೀನ್, ತುಟಿ ಅಲುಗಿಸದೆ.

ಅವಳ ಮೊಣಕೈ ಮಿಸ್ ಓಜೆಲ್ಲಾ ಅವರ ಕೈಗೆಟುಕುವಷ್ಟು ಹತ್ತಿರವಿತ್ತು. ಎಡಗೈಯಲ್ಲಿ ಅದನ್ನು ಒಮ್ಮೆ ಒತ್ತಿದರು. ವರ್ಲೀನ್ ಆಮೇಲೆ ನಗಲಿಲ್ಲ. ಕಣ್ಣು ಮುಚ್ಚಿಕೊಂಡಳು.

ಆಮೆನ್ ಎಂದು ಇಡೀ ಸಭೆ ಹೇಳಿತು. ಕೈ ಕೆಳಗಿಳಿಯಿತು. ಅದೇ ಕೈ ತಿರುಗಿ, ಬನ್ನಿ ಎಂದು ಒಳಗಡೆ ತೋರಿಸಿತು. ಇಬ್ಬರೂ ಕೆಂಪು ಹಾಸಿನ ಮೇಲೆ ನಡೆದರು. ಒಬ್ಬರ ಮಂಡಿಗೆ ಒಬ್ಬರ ಮಂಡಿ ಸರಿಜೋಡಿ, ಯಾರು ಯಾರನ್ನು ನಡೆಸುತ್ತಿದ್ದಾರೆ ಎಂದು ಹೇಳುವುದು ಕಷ್ಟವಿತ್ತು. ಜನ ಎದ್ದು ನಿಂತರು, ಯಾರೂ ಚಪ್ಪಾಳೆ ತಟ್ಟಲಿಲ್ಲ. ವೇದಿಕೆಗೆ ಮೆಟ್ಟಿಲುಗಳಿದ್ದವು. ಕ್ಯಾಲವೇ ಅತ್ತ ಕೈ ತೋರಿಸಿದರು. ಮಿಸ್ ಓಜೆಲ್ಲಾ ಮೆಟ್ಟಿಲನ್ನು ನೋಡಿದರು, ವರ್ಲೀನಳ ಕಾಲನ್ನು ನೋಡಿದರು, ಮುಂದಿನ ಸಾಲಿನ ಮೊದಲ ಕುರ್ಚಿಯ ಕಡೆ ಅಂಗೈ ಚಾಚಿದರು. ಅದು ಅವರಿಗೆಂದೇ ಲಟ್ರಿಸ್ ಹೂಗುಚ್ಛ ಇಟ್ಟಿದ್ದ ಕುರ್ಚಿ. ಹೂಗುಚ್ಛವನ್ನು ಎತ್ತಿ ಆಚೆ ಇಟ್ಟರು.

ವರ್ಲೀನ್ ಕುರ್ಚಿಯ ಮುಂದೆ ನಿಂತೇ ಇದ್ದಳು.

"ಅವತ್ತು ಯಾರೂ ಕುರ್ಚಿ ಕೊಡ್ಲಿಲ್ಲ ಕಣೇ" ಎಂದಳು, ಇವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಒಂದ್ ಮೇಜಿಂದ ಇನ್ನೊಂದ್ ಮೇಜು, ದಿನ ಪೂರ್ತಿ ನಿಂತೇ ಇದ್ದೆ. ಕಿಟಕಿಯಿಂದ ಆ ಮರ ಕಾಣ್ತಿತ್ತು. ನೀನೂ ನಿಂತಿದ್ದೆ. ನೀನು ಕೂರೋವರ್ಗೂ ನಾನೂ ಕೂರಲ್ಲ ಅಂದ್ಕೊಂಡೆ. ನೀನೋ, ಕೂರಲೇ ಇಲ್ಲ."

ಬಾಗಿಲ ಸೇವೆಯಲ್ಲಿ ಬಾಯಿ ಬಿಡಬಾರದು. ಮಿಸ್ ಓಜೆಲ್ಲಾ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ವರ್ಲೀನ್ ಕೂತಳು. ಟೋಪಿ ಸರಿಮಾಡಿಕೊಂಡಳು, ಕೋಲನ್ನು ಮೊಣಕಾಲಿಗೆ ಒರಗಿಸಿದಳು. ಅದನ್ನೆಲ್ಲ ನೋಡಿಯಾದ ಮೇಲೆ ಮಿಸ್ ಓಜೆಲ್ಲಾ ಜೇಬಿನಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಅವಳ ಅಂಗೈಯಲ್ಲಿಟ್ಟು, ಬಾಗಿಲಿಗೆ ಹಿಂದಿರುಗಿದರು. ದಾರಿಯಲ್ಲಿ ಲಟ್ರಿಸ್ ಬ್ರದರ್ ಟೇಟ್ ಕಾಲದ ಸನ್ನೆಯಲ್ಲಿ ಕೇಳಿದರು: ಕೂರಿಸಿದ್ರಾ? ಇವರು ಬಲಗೈಯನ್ನು ಎದೆಗೆ ತಂದು, ಕೆಳಗಿಳಿಸಿದರು. ಆಯ್ತು ಎಂದು.

ಮರುದಿನದ ಪತ್ರಿಕೆಯಲ್ಲಿ ಬಂದ ಚಿತ್ರದಲ್ಲಿ ಮಿಸ್ ಓಜೆಲ್ಲಾ ಅವರ ಎತ್ತಿದ ಕೈ ದೊಡ್ಡದಾಗಿ ಕಾಣುತ್ತದೆ, ಅದರಾಚೆ ತಲೆ ಬಾಗಿಸಿದ ಹಸಿರು ಟೋಪಿ. ದೂರದ ಊರುಗಳಿಂದ ಚರ್ಚಿಗೆ ಫೋನುಗಳು ಬಂದವು: ಆ ಹೆಂಗಸು ಡಾಕ್ಟರ್ ಮಬ್ರಿ ಅವರನ್ನು ಯಾಕೆ ತಡೆದರು, ಇಬ್ಬರಿಗೂ ಜಗಳವೇ? ಲಟ್ರಿಸ್ ಎಲ್ಲರಿಗೂ "ಪ್ರಾರ್ಥನೆ ನಡೀತಿತ್ತು" ಎಂದಷ್ಟೇ ಉತ್ತರ ಕೊಟ್ಟರು. ಆಮೇಲೆ ಚಿತ್ರವನ್ನು ಕತ್ತರಿಸಿ ಬಾಗಿಲ ಪಕ್ಕದ ಗೋಡೆಗೆ ಹಚ್ಚಿ, "ಇವ್ರನ್ನೇ ನಿಲ್ಸಿದೀವಿ, ಇನ್ನು ತಡವಾಗ್ ಬರೋರು ಬಾಯಿ ಬಿಡಂಗಿಲ್ಲ" ಎಂದರು.

ಮಾತು ಕೊಟ್ಟಿದ್ದಂತೆ ಮಿಸ್ ಓಜೆಲ್ಲಾ ಮುಂದಿನ ಭಾನುವಾರ ಕೈಗವಸು ಬಿಚ್ಚಿ, ಮಡಚಿ, ಲಟ್ರಿಸ್ ಅವರ ಕೈಯಲ್ಲಿಟ್ಟರು. ಲಟ್ರಿಸ್ ಅದನ್ನು ಹಿಂದಕ್ಕೆ ಕೊಟ್ಟು, ಬಾಗಿಲ ಬದಿಗೆ ಒಂದು ಕುರ್ಚಿ ತಂದು ಹಾಕಿದರು. "ಕೂರು ಅಂದ್ರೆ ಕೂರ್ತೀನಿ ಅಂದಿದ್ರಿ. ಇಲ್ಲೇ ಕೂರಿ" ಎಂದರು. ಈಗ ಅವರು ಅಲ್ಲೇ ಕೂತು ಸೇವೆ ಮಾಡುತ್ತಾರೆ. ಕೂತಾಗಲೂ ಎಡಗೈ ಬೆನ್ನ ಹಿಂದೆಯೇ ಇರುತ್ತದೆ. ವರ್ಲೀನಳಿಂದ ಕ್ರಿಸ್‌ಮಸ್‌ಗೆ ಕಾಯದೆ ಒಂದು ಕಾರ್ಡು ಬಂದಿದೆ. ಅದನ್ನು ಮಿಸ್ ಓಜೆಲ್ಲಾ ಯಾರಿಗೂ ತೋರಿಸಿಲ್ಲ, ನಾನೂ ಕೇಳಲಿಲ್ಲ.

ಶನಿವಾರ ನಾನು ಇದನ್ನು ಒಳ್ಳೆಯ ಹಾಳೆಯಲ್ಲಿ ಮತ್ತೊಮ್ಮೆ ಬರೆದು, ಮಿಸ್ ಓಜೆಲ್ಲಾ ಅವರ ಮನೆಗೆ ಒಯ್ದು ಓದಿ ಹೇಳುತ್ತೇನೆ. ಅವರು ಅಂಗೈ ಎತ್ತಿದ ಕಡೆಯಲ್ಲೆಲ್ಲ ನಿಲ್ಲಿಸಿ ತಿದ್ದುತ್ತೇನೆ.